ಸಾಹುಕಾರರ ಕಾರಿಗೆ ನಿಲ್ಲುವುದನ್ನು ಕಲಿಸಿದ್ದು

ಎಂಜಿನ್ನಿನ ಒಂದು ಬೋಲ್ಟನ್ನೂ ತಿರುಗಿಸದೆ ಹಳೆಯ ಕಾರೊಂದರ ವೇಗ ಹೆಚ್ಚಿಸಿದ ಮೆಕ್ಯಾನಿಕ್ ನಾನು. ನೀವು ನಂಬುವುದಿಲ್ಲ, ಗೊತ್ತು. ಎಲ್ಲಿ, ಪೂರ್ತಿ ಓದಿ, ಆಮೇಲೂ ನಂಬದೆ ಇರಿ ನೋಡೋಣ.

೧೯೫೮ನೇ ಇಸವಿ. ಅರಸೀಕೆರೆ ರೈಲ್ವೆ ಸ್ಟೇಷನ್ನಿನ ಹಿಂದೆ ನನ್ನದೊಂದು ತಗಡಿನ ಶೆಡ್ಡಿತ್ತು. ನಮ್ಮ ಬೀದಿಯಲ್ಲಿ ನನಗಿಂತ ಒಳ್ಳೆಯ ಮೆಕ್ಯಾನಿಕ್ ಇರಲಿಲ್ಲ. ಇನ್ನೊಬ್ಬ ಮೆಕ್ಯಾನಿಕ್ಕೇ ಇರಲಿಲ್ಲ ಎಂಬುದು ಬೇರೆ ಮಾತು.

ಒಂದು ಬೆಳಿಗ್ಗೆ ಕೊಬ್ಬರಿ ವ್ಯಾಪಾರಿ ಗುರುಸಿದ್ದಪ್ಪನವರು ತಮ್ಮ ಕಾರು ತಂದು ನಿಲ್ಲಿಸಿದರು. ನಿಲ್ಲಿಸಿದರು ಎನ್ನುವುದು ಮರ್ಯಾದೆಯ ಮಾತು. ಎರಡನೇ ಮಹಾಯುದ್ಧಕ್ಕೆ ಮೊದಲಿನ ಆ ವಿಲಾಯಿತಿ ಕಾರು ನನ್ನ ಶೆಡ್ಡಿನ ಕಂಬಕ್ಕೆ ತಾಗಿ ತಾನಾಗಿ ನಿಂತಿತು.

"ಮೇಸ್ತ್ರಿ, ಇದರ ಎಂಜಿನ್ ಜೋರು ಮಾಡು. ಜಾವಗಲ್ ದಾರಿ ದಿಬ್ಬದಲ್ಲಿ ಕತ್ತೆ ಮುಂದಕ್ಕೋಯ್ತದೆ, ಇದು ಹಿಂದಕ್ಕೆ ಬತ್ತದೆ."

"ಸಾವ್ಕಾರ್ರೇ, ಈ ಕಂಬ ಇಲ್ದಿದ್ರೆ ನೀವೀಗ ಯಾವೂರಲ್ಲಿ ಇರ್ತಿದ್ರಿ?"

"ತಲೆಹರಟೆ ಬ್ಯಾಡ ಕಣಯ್ಯ. ಅವ್ವನ್ನ ಹಳೇಬೀಡಿಗೆ ಕರ್ಕೊಂಡ್ ಹೋಗ್ಬೇಕು."

ಅಷ್ಟು ಹೇಳುವಾಗ ಅವರ ದನಿ ಇಳಿಯಿತು. ಅವರ ತಾಯಿ ನೀಲಮ್ಮನವರ ಒಡಹುಟ್ಟಿದ ಒಬ್ಬರೇ ತಂಗಿ ಹಳೇಬೀಡಿನಲ್ಲಿ ಹಾಸಿಗೆ ಹಿಡಿದಿದ್ದರು. ಮಂಡಿನೋವಿನಿಂದ ನೀಲಮ್ಮನವರಿಗೆ ಬಸ್ಸಿನ ಮೆಟ್ಟಿಲು ಹತ್ತಲಾಗುತ್ತಿರಲಿಲ್ಲ. ಬಾಗಿಲಲ್ಲೇ ಮಗನ ಕಾರಿದ್ದರೂ ಅದರೊಳಗೆ ಕೂರಲು ಒಪ್ಪುತ್ತಿರಲಿಲ್ಲ. ದಿಬ್ಬದಲ್ಲಿ ಕಾರು ನಿಂತುಹೋಗಿ, ನಾಲ್ಕು ಜನ ತಳ್ಳುವುದು ಅವ್ವನಿಗೆ ಅವಮಾನ ಎಂದು ಮಗನ ಲೆಕ್ಕಾಚಾರ.

ನಾನು ಹೋಗಿ ನೀಲಮ್ಮನವರನ್ನೇ ಕೇಳಿದೆ.

"ಹತ್ತೋದಕ್ಕಲ್ಲ ಕಣಪ್ಪಾ, ಇಳಿಯೋದಕ್ಕೆ ಭಯ. ಗಂಡಸಿ ಊರ ಹತ್ರ ಇಳಿಜಾರಲ್ಲಿ ಈ ಕಾರು ನಿಲ್ಲದೆ ಹೋಗಿ ಹುಲ್ಲಿನ ಬಣವೆಗೆ ನುಗ್ತು. ಬಣವೆ ಇತ್ತು, ಬದುಕ್ದೋ. ದಾರಿ ಉದ್ದಕ್ಕೂ ನಮಗೋಸ್ಕರ ಬಣವೆ ಒಟ್ಟಿರ್ತಾರಾ?"

ಶೆಡ್ಡಿಗೆ ಬಂದು ಚಕ್ರ ಬಿಚ್ಚಿದೆ. ಬ್ರೇಕ್ ಡ್ರಮ್ಮಿನೊಳಗಿಂದ ಒಗ್ಗರಣೆ ಮನೆಯ ಘಮ ಬಂತು! ಚಕ್ರದ ಜೊತೆ ತಿರುಗುವ ಡ್ರಮ್ಮಿಗೆ ಒಳಗಿನ ಲೈನಿಂಗ್ ಒತ್ತಿ ಉಜ್ಜಿದರೆ ಮಾತ್ರ ಗಾಡಿ ನಿಲ್ಲುತ್ತದೆ. ಅಲ್ಲಿ ಲೈನಿಂಗ್ ಪೂರ್ತಿ ತೆಂಗಿನೆಣ್ಣೆ ಕುಡಿದು ಕೂತಿತ್ತು.

"ಕಿರ್ರ್ ಅಂತಿತ್ತು. ಬಾಗಿಲು ಕಿರುಗುಟ್ಟಿದ್ರೆ ಎಣ್ಣೆ ಬಿಡಲ್ವಾ? ಹಂಗೇ ಬಿಟ್ಟೆ. ನಮ್ದೇ ಗಾಣದ್ದು, ಒಳ್ಳೇ ಎಣ್ಣೆ" ಎಂದರು ಸಾಹುಕಾರರು.

ಕಾರು ಕುಣಿಯಬಾರದೆಂದು ಹಿಂದಿನ ಸೀಟಿನ ಕೆಳಗೆ ಸದಾ ಎರಡು ಮೂಟೆ ಕೊಬ್ಬರಿ ಬೇರೆ ತುಂಬಿದ್ದರು. ಬಿಲ್ಲಿನಂತೆ ಬಾಗಿರಬೇಕಾದ ಸ್ಪ್ರಿಂಗಿನ ಉಕ್ಕಿನ ಪಟ್ಟಿಗಳು ಆ ಭಾರಕ್ಕೆ ಮಣೆಯಂತೆ ಚಪ್ಪಟೆಯಾಗಿದ್ದವು. ಎಣ್ಣೆ ಹಾಕಿ ಜಾರಿಸಿ, ಮೂಟೆ ಹೇರಿ ನೂಕುವುದೆಂದರೆ ಇದೇ.

"ಮೊದ್ಲು ಬ್ರೇಕು, ಆಮೇಲೆ ಸ್ಪ್ರಿಂಗು. ಎಂಜಿನ್ ಕಡೇಗೆ."

"ಓಡದೇ ಇರೋ ಕಾರಿಗೆ ಬ್ರೇಕ್ ಯಾಕಯ್ಯ? ಎಂಜಿನ್ ಮಾಡೋದಾದ್ರೆ ಮಾಡು, ಇಲ್ಲಾಂದ್ರೆ ಹಾಸನಕ್ ಒಯ್ತೀನಿ."

ಹಾಸನದಲ್ಲಿ ಯಾರಾದರೂ ಅವರ ಮಾತು ಕೇಳಿ ಎಂಜಿನ್ ಜೋರು ಮಾಡಿಬಿಟ್ಟರೆ? ನಗುತ್ತಾ, "ಆಗ್ಲಿ ಬಿಡಿ, ಎಂಜಿನ್ನೂ ನೋಡ್ತೀನಿ" ಎಂದೆ. ನೋಡುತ್ತೇನೆ ಎಂದೆನೇ ಹೊರತು ಮುಟ್ಟುತ್ತೇನೆ ಎನ್ನಲಿಲ್ಲ.

ಬೇಲೂರಿನಲ್ಲಿ ಮರಕ್ಕೆ ಗುದ್ದಿ ಮುಂಭಾಗ ಮುದುಡಿದ್ದ ವ್ಯಾನೊಂದಿತ್ತು. ಅದರ ಹೈಡ್ರಾಲಿಕ್ ಬ್ರೇಕನ್ನು ಪೈಪು ಸಮೇತ ಬಿಚ್ಚಿ ತಂದೆ. ಕಾರಿನ ಹಳೆಯ ಬ್ರೇಕು ಕಂಬಿಗಳನ್ನು ಎಳೆದು ಕೆಲಸ ಮಾಡುತ್ತಿತ್ತು. ಒಂದು ಕಂಬಿ ಸಡಿಲವಾದರೆ ಕಾರು ಒಂದೇ ಕಡೆಗೆ ಎಳೆಯುತ್ತಿತ್ತು. ಹೈಡ್ರಾಲಿಕ್ಕಿನಲ್ಲಿ ಪೆಡಲ್ ಒತ್ತಿದರೆ ಪೈಪಿನೊಳಗಿನ ದ್ರವ ನಾಲ್ಕೂ ಚಕ್ರಕ್ಕೆ ಒಟ್ಟಿಗೆ ಒತ್ತಡ ಕೊಡುತ್ತದೆ. ವ್ಯಾನಿನ ಭಾಗಗಳು ಈ ಕಾರಿಗೆ ನೇರವಾಗಿ ಕೂರಲಿಲ್ಲ. ಲೇತಿನಲ್ಲಿ ಉಕ್ಕಿನ ಬಳೆಗಳನ್ನು ಕಡೆಸಿ ಕೂರಿಸಿದೆ. ಪೈಪಿನಲ್ಲಿ ಗಾಳಿಯ ಒಂದು ಗುಳ್ಳೆ ಉಳಿದರೂ ಪೆಡಲ್ ಮೆತ್ತಗಾಗುತ್ತದೆ. ಎರಡು ದಿನ ಆ ಗಾಳಿ ತೆಗೆಯುವುದರಲ್ಲೇ ಕಳೆಯಿತು. ಕುಲುಮೆಯಲ್ಲಿ ಸ್ಪ್ರಿಂಗಿನ ಪಟ್ಟಿಗಳನ್ನು ಮತ್ತೆ ಬಾಗಿಸಿ ಹದ ಹಾಕಿಸಿದೆ. ವ್ಯಾನಿನ ಶಾಕ್ ಅಬ್ಸಾರ್ಬರುಗಳನ್ನೂ ಜೋಡಿಸಿದೆ. ಕೊಬ್ಬರಿ ಮೂಟೆಗಳನ್ನು ಸಾಹುಕಾರರ ಮಂಡಿಗೆ ವಾಪಸ್ ಕಳಿಸಿದೆ. ಎಂಜಿನ್ನನ್ನು ಸೀಮೆಎಣ್ಣೆಯಲ್ಲಿ ಒರೆಸಿ ಫಳಫಳ ಮಾಡಿದೆ, ಅಷ್ಟೇ.

ನೀಲಮ್ಮನವರು ಒಂದು ಷರತ್ತಿನ ಮೇಲೆ ಕಾರು ಹತ್ತಿದರು. "ಮೇಸ್ತ್ರೀನೂ ಬರ್ಲಿ. ಸಾಯೋದಾದ್ರೆ ರಿಪೇರಿ ಮಾಡ್ದೋನೂ ಜೊತೇಲಿರ್ಲಿ."

ಗುರುಸಿದ್ದಪ್ಪನವರು ಸ್ಟೀರಿಂಗ್ ಹಿಡಿದರು, ಪಕ್ಕದಲ್ಲಿ ನಾನು. ದಿಬ್ಬಕ್ಕೆ ಮೊದಲಿನ ಇಳಿಜಾರಿನಲ್ಲಿ ಒಮ್ಮೆ ಬ್ರೇಕ್ ಒತ್ತಿ ನೋಡಿ, ಆಮೇಲೆ ಕಾರನ್ನು ಜೋರಾಗಿ ಬಿಟ್ಟರು. ಜಾವಗಲ್ ದಾರಿಯ ದಿಬ್ಬವನ್ನು ಕಾರು ಸಲೀಸಾಗಿ ಹತ್ತಿತು.

"ನೋಡ್ದೇನವ್ವಾ ಎಂಜಿನ್ನು! ಈಗೈತೆ ನೋಡು ಮಜಾ!"

ನಾನು ಕಿಟಕಿಯ ಕಡೆ ಮುಖ ಮಾಡಿ ನಗು ನುಂಗಿದೆ.

ಹಳೇಬೀಡಿನ ಕೆರೆ ಏರಿಗೆ ಸ್ವಲ್ಪ ಮೊದಲು, ಇಳಿಜಾರಿನ ತಿರುವು ದಾಟುತ್ತಿದ್ದಂತೆ ರಸ್ತೆ ತುಂಬಾ ಎಮ್ಮೆಗಳು. ಒಂದು ಪಕ್ಕ ಕಲ್ಲು, ಇನ್ನೊಂದು ಪಕ್ಕ ಹಳ್ಳ. ಬಣವೆ ಒಂದೂ ಇರಲಿಲ್ಲ. ಸಾಹುಕಾರರು ಎರಡೂ ಕಾಲಲ್ಲಿ ಬ್ರೇಕ್ ತುಳಿದರು. ನಾನು ಎಲೆಅಡಿಕೆ ಜಗಿಯುತ್ತಾ ಆರಾಮಾಗಿ ಕೂತಿದ್ದೆ. ಕಾರು ಎಡಕ್ಕೂ ಎಳೆಯದೆ, ಬಲಕ್ಕೂ ಎಳೆಯದೆ, ಮುಂದಿನ ಎಮ್ಮೆಯ ಬಾಲಕ್ಕೆ ಒಂದು ಗೇಣು ಉಳಿದಿರುವಾಗ ನಿಂತಿತು. ಎಮ್ಮೆ ತಿರುಗಿ ನೋಡಿ, ಬಾಲ ಬೀಸಿ ತನ್ನ ಪಾಡಿಗೆ ಹೋಯಿತು.

ಹಳೇಬೀಡಿನ ಮನೆಯಲ್ಲಿ ಆ ತಂಗಿ ಹಾಸಿಗೆಯಲ್ಲೇ ಅಕ್ಕನ ಎರಡೂ ಕೈ ಹಿಡಿದುಕೊಂಡರು.

"ಅಕ್ಕಯ್ಯಾ, ಈ ಮಂಡಿ ಇಟ್ಕಂಡು ಹೆಂಗ್ ಬಂದ್ಯೇ?"

"ನನ್ ಮಗನ ಕಾರಲ್ಲಿ ಕಣೇ."

ಬಾಗಿಲ ಹೊರಗೆ ನಿಂತಿದ್ದ ಗುರುಸಿದ್ದಪ್ಪನವರು ಹೆಗಲ ಮೇಲಿನ ವಲ್ಲಿಯಿಂದ ಮುಖ ಒರೆಸಿಕೊಂಡು ನನ್ನತ್ತ ತಿರುಗಿದರು. "ಎಂಜಿನ್ಗೆ ಏನೇನ್ ಮಾಡ್ದೆ, ಹೇಳಯ್ಯ."

"ಒರೆಸ್ದೆ, ಸಾವ್ಕಾರ್ರೇ."

"ಮತ್ತೆ ದಿಬ್ಬ ಹೆಂಗ್ ಹತ್ತಿತಯ್ಯ?"

"ಮೊದ್ಲು ನಿಲ್ಲಲ್ಲ ಅಂತ ಹೆದ್ರಿ ಇಳಿಜಾರಲ್ಲಿ ತೆವಳ್ತಿದ್ರಿ. ದಿಬ್ಬಕ್ಕೆ ವೇಗಾನೇ ಇರ್ತಿರ್ಲಿಲ್ಲ. ಇವತ್ತು ಧೈರ್ಯವಾಗಿ ಬಿಟ್ರಿ, ಮೂಟೆ ಭಾರಾನೂ ಇರ್ಲಿಲ್ಲ."

ಹೊಡೆಯಲು ಕೈ ಎತ್ತಿದವರು ಅದನ್ನು ನನ್ನ ಬೆನ್ನ ಮೇಲೆ ಇಟ್ಟು ನಗತೊಡಗಿದರು. "ಕಳ್ ನನ್ಮಗ್ನೇ!" ಇಷ್ಟು ಪ್ರೀತಿಯ ಸರ್ಟಿಫಿಕೇಟು ನನಗೆ ಮತ್ತೆ ಯಾರೂ ಕೊಟ್ಟಿಲ್ಲ.

ಆಮೇಲೆ ಎಷ್ಟೋ ಹಳೆಯ ಗಾಡಿಗಳು ನನ್ನ ಕೈ ದಾಟಿದವು. ಎಲ್ಲರೂ ಎಂಜಿನ್ನನ್ನೇ ಬೈದುಕೊಂಡು ಬರುತ್ತಿದ್ದರು. ನಾನು ಮೊದಲು ಚಕ್ರ ಬಿಚ್ಚುತ್ತಿದ್ದೆ. ನಿಲ್ಲುತ್ತದೆಂಬ ನಂಬಿಕೆ ಪಾದಕ್ಕೆ ಬರುವವರೆಗೆ, ಗಾಡಿಯಲ್ಲಿ ಇರುವ ಶಕ್ತಿಯನ್ನೂ ಯಾರೂ ಬಳಸುವುದಿಲ್ಲ. ಕೆಲಸ ನನಗೆ ಕಲಿಸಿದ್ದು ಇದು.

ಇನ್ನು, ನಾನು ಕಟ್ಟಿದ ಸುಳ್ಳು ಒಂದೇ. ಎಮ್ಮೆಗಳು ಎದುರಾದಾಗ ಎಲೆಅಡಿಕೆ ಜಗಿಯುತ್ತಾ ಆರಾಮಾಗಿ ಕೂತಿದ್ದೆ ಎಂದೆನಲ್ಲ, ಅದು. ನಿಜವಾಗಿ ನಾನು ಬಾಗಿಲನ್ನು ಬಿಗಿಯಾಗಿ ತಬ್ಬಿ ಕಣ್ಣು ಮುಚ್ಚಿಕೊಂಡಿದ್ದೆ. ಹಿಂದಿನ ಸೀಟಿನಿಂದ ನೀಲಮ್ಮನವರು ನನ್ನ ಭುಜ ತಟ್ಟಿದರು.

"ಕಣ್ ಬಿಡೋ ಮೇಸ್ತ್ರಿ, ನಿಂತೈತೆ."