ಅತ್ತಿಗೆಯ ಶ್ರುತಿ, ನನ್ನ ವರದಿ

ಕಳೆದ ಮಾರ್ಚ್ ಹದಿನೇಳು, ಮಂಗಳವಾರ, ಬೆಳಿಗ್ಗೆ ಹತ್ತೂಕಾಲು ಗಂಟೆಗೆ ನಗರಸಭೆಯ ಕೆಲಸಗಾರರು ನಮ್ಮ ಬೀದಿಯ ಕಾಲುದಾರಿಯಲ್ಲಿ ಹಾಸಿದ್ದ ಹದಿನಾಲ್ಕು ಹಿತ್ತಾಳೆಯ ನಾದಪಟ್ಟಿಗಳನ್ನು ಕಿತ್ತು, ತುದಿಗಳನ್ನು ಯಂತ್ರದಿಂದ ಉಜ್ಜಿ, ಮತ್ತೆ ಕೂರಿಸಿದರು. ಅದು ಅನ್ಯಾಯ. ಅದಕ್ಕೆ ಆಧಾರವಾದ ಎರಡು ಪುಟದ ವರದಿ ನನ್ನದೇ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ.

ಪಟ್ಟಿಗಳನ್ನು ಶ್ರುತಿ ಮಾಡಿದವರು ನನ್ನ ಅತ್ತಿಗೆ, ತೀರಿಹೋದ ಅಣ್ಣನ ಹೆಂಡತಿ. ವಯಸ್ಸು ಎಪ್ಪತ್ತೊಂಬತ್ತು. ಮದುವೆಯಾಗಿ ಬಂದ ವರ್ಷವೇ ಮಾವನ ಅರ ಕೈಗೆತ್ತಿಕೊಂಡು, ಐವತ್ತೆರಡು ವರ್ಷ ಮುಂಗೋಣೆಯಲ್ಲಿ ಕೂತು ಬೀದಿಯ ವಾದ್ಯತಂಡದ ಕಹಳೆ, ಕ್ಲಾರಿನೆಟ್, ಹಾರ್ಮೋನಿಯಂಗಳನ್ನು ರಿಪೇರಿ ಮಾಡಿದವರು. ತಂಡ ಈಗಿಲ್ಲ. ಅದರ ನೆನಪಿಗೆಂದು ನಗರಸಭೆ ಕಾಲುದಾರಿಯಲ್ಲಿ ಪಟ್ಟಿಗಳನ್ನು ಹಾಸಲು ಹೊರಟಿತು. ತುಳಿದರೆ ಕೆಳಗಿನ ಸುತ್ತಿಗೆ ಬಡಿದು ನಾದ ಹೊರಡಬೇಕು. ಪಟ್ಟಿಗಳ ನಡುವಣ ಅಂತರವನ್ನು ಗೊತ್ತುಮಾಡಿದ್ದೂ ಅತ್ತಿಗೆಯೇ.

"ಮಕ್ಕಳು ಕುಪ್ಪಳಿಸಿದ್ರೆ ತಂಡದ ಧಾಟಿ ಬರ್ಬೇಕು. ದೊಡ್ಡವರು ಗಂಭೀರವಾಗಿ ನಡೆದ್ರೆ ಬರ್ಬಾರ್ದು. ಬೇಕಿದ್ರೆ ಅವರೂ ಕುಪ್ಪಳಿಸ್ಲಿ!"

ಏಳು ತಿಂಗಳು ಅರ ಹಿಡಿದು ಕೂತರು. ಬಲಗಿವಿ ಆಗಲೇ ಹೋಗಿತ್ತು, ಎಡಗಿವಿಯೂ ಮಂದವಾಗುತ್ತಿತ್ತು.

ನಾನು ತೂಕ ಮತ್ತು ಅಳತೆ ಇಲಾಖೆಯಲ್ಲಿ ಮೂವತ್ತೊಂದು ವರ್ಷ ದುಡಿದವನು. ಕೆಲಸ ಪರಿಶೀಲಿಸಲು ನಗರಸಭೆ ಕೋರಿದಾಗ, ಹಿಗ್ಗಿನಿಂದಲೇ ಶ್ರುತಿಮಾಪಕ ಹಿಡಿದು ಹೋದೆ. ಹದಿನಾಲ್ಕೂ ಪಟ್ಟಿಗಳು ಪ್ರಮಾಣಕ್ಕಿಂತ ಒಂದೇ ಸಮನೆ ತುಸು ಕೆಳಗಿದ್ದವು. 'ಲೋಪ' ಎಂದು ಬರೆದೆ. ಅಂಗಡಿಯ ತೂಕದ ಬೊಟ್ಟುಗಳೆಲ್ಲ ಒಂದೇ ಪ್ರಮಾಣದಲ್ಲಿ ಕಡಿಮೆಯಿದ್ದರೆ ಅದಕ್ಕೊಂದು ಕಾರಣವಿರುತ್ತದೆ, ಮೊದಲು ವಿಚಾರಿಸಬೇಕು ಎಂದು ಎಷ್ಟು ಕಿರಿಯರಿಗೆ ಪಾಠ ಹೇಳಿದ್ದೆನೋ! ಅತ್ತಿಗೆಯ ಬಾಗಿಲು ಅಲ್ಲಿಂದ ಮೂರೇ ಹೆಜ್ಜೆ. ನಾನು ತಟ್ಟಲಿಲ್ಲ.

ಯಂತ್ರದ ಸದ್ದು ನಿಂತ ಮೇಲೆ ಹೋದೆ. ಅವರು ಅರಗಳನ್ನು ಎಣ್ಣೆಬಟ್ಟೆಯಲ್ಲಿ ಸುತ್ತಿಡುತ್ತಿದ್ದರು.

"ಬನ್ನಿ ಅಳತೆ ಸಾಹೇಬ್ರೇ," ಎಂದರು. "ತಂಡದ ದೊಡ್ಡ ಕಹಳೆ ಹುಟ್ಟಿದ್ದೇ ಆ ಶ್ರುತಿಗೆ. ಅದನ್ನ ಏರ್ಸೋಕಾಗಲ್ಲ ಅಂತ ಇಡೀ ಬೀದಿ ಅದರ ಜೊತೆ ಇಳೀತು. ಅರವತ್ತು ವರ್ಷ ಎಲ್ಲರೂ ತಪ್ಪಾಗಿ ನುಡಿಸಿದ್ರಾ?"

"ನೀವು ಮೊದಲೇ ಹೇಳ್ಬಹುದಿತ್ತಲ್ಲ ಅತ್ತಿಗೆ?"

"ನೀನು ಕೇಳ್ಬಹುದಿತ್ತಲ್ಲಪ್ಪಾ?"

ಅಂದಿನಿಂದ ಆ ಕಾಲುದಾರಿಯನ್ನು ಬಿಟ್ಟು, ಸುತ್ತುಬಳಸಿ ಮನೆ ಸೇರುತ್ತಿದ್ದೇನೆ.

ನಗರಸಭೆಯ ಎಂಜಿನಿಯರರೇ, ತಪ್ಪು ವರದಿ ಕೊಟ್ಟವನು ನಾನು. ಶ್ರುತಿ ಮಾಡಿದವರನ್ನು ಒಂದು ಮಾತೂ ಕೇಳದೆ ಯಂತ್ರ ಕಳಿಸಿದವರು ನೀವು. ಪಟ್ಟಿಯ ತುದಿ ಉಜ್ಜಿದರೆ ಶ್ರುತಿ ಏರುತ್ತದೆ, ನಡುವಿನ ಅಡಿಭಾಗ ಉಜ್ಜಿದರೆ ಇಳಿಯುತ್ತದೆ. ಆದ್ದರಿಂದ ಆದ ಹಾನಿಯನ್ನು ಸರಿಪಡಿಸಬಹುದು. ಎಷ್ಟು ಇಳಿಸಬೇಕೆಂಬ ಅಂಕಿಗಳು ನನ್ನ ವರದಿಯಲ್ಲೇ ಇವೆ. 'ಲೋಪ' ಎಂಬುದನ್ನು ಹೊಡೆದುಹಾಕಿ ಸಹಿ ಮಾಡಿ ಮತ್ತೆ ಸಲ್ಲಿಸಿದ್ದೇನೆ. ಮುಂದಿನ ವರ್ಷ ನೋಡೋಣ ಎಂಬ ಉತ್ತರ ನನಗೆ ಬೇಡ. ಅತ್ತಿಗೆಯ ಎಡಗಿವಿ ಇನ್ನು ಮೂರು ತಿಂಗಳು ಬಂದರೆ ಹೆಚ್ಚು ಎಂದಿದ್ದಾರೆ ವೈದ್ಯರು. ಈ ವಾರವೇ ಪಟ್ಟಿಗಳನ್ನು ಬಿಚ್ಚಿ ಅತ್ತಿಗೆಯ ಮುಂಗೋಣೆಗೆ ತಲುಪಿಸಿ. ಮಕ್ಕಳು ಕುಪ್ಪಳಿಸುವುದು ಅವರ ಕಿವಿಗೆ ಬೀಳುವ ದಿನಗಳಲ್ಲೇ ಆ ದಾರಿಯನ್ನು ತೆರೆಯಿರಿ.