ಹಾಲಿನಾಕಿಯ ಕೊಸರು

ಎಪ್ಪತ್ತರ ದಶಕದಲ್ಲಿ ಬೆಳಗಾವಿಯ ನಮ್ಮ ಓಣಿಗೆ ಹಾಲು ಹಾಕುತ್ತಿದ್ದವಳು ದೇಸೂರಿನಿಂದ ಬೆಳಗಿನ ರೈಲಿಗೆ ಬರುತ್ತಿದ್ದಳು. ಅಳೆದು ಸುರಿದ ಮೇಲೆ ಪಾತ್ರೆಗೆ ಇನ್ನೊಂದು ಗುಟುಕು ಕೊಸರು ಹಾಕಿ, "ಇದು ಸಾಲಿಗೆ ಹೋಗೂ ಕೂಸಿಗ್ರಿ ಅಕ್ಕಾರ" ಎನ್ನುತ್ತಿದ್ದಳು. ಪ್ರತಿ ಮನೆಯಲ್ಲೂ ಅದೇ ಮಾತು. ಕೊಸರು ಬೀಳುವವರೆಗೆ ಹೆಂಗಸರು ಒಡ್ಡಿದ ಪಾತ್ರೆ ಹಿಂದೆ ತೆಗೆಯುತ್ತಿರಲಿಲ್ಲ.

ಅವಳ ಮಗಳೂ ಊರ ಶಾಲೆಯಲ್ಲಿ ಎರಡನೇ ಇಯತ್ತೆ ಓದುತ್ತಿದ್ದಳು. ಸಂಜೆಯಾದರೆ ಹುಡುಗಿ ಹೊಸ್ತಿಲು ಎಡವುತ್ತಾಳೆಂದು ಒಂದು ದಿನ ಜೊತೆಗೆ ಕರೆತಂದು ಇಲ್ಲಿನ ದವಾಖಾನೆಗೆ ತೋರಿಸಿದಳು. ದಿನಾ ಹಾಲು, ಸೊಪ್ಪು ಕೊಡದಿದ್ದರೆ ಕಣ್ಣೇ ಹೋದಾವೆಂದು ಡಾಕ್ಟರು ಹೇಳಿದರಂತೆ. ಹಿಂದಿರುಗುವಾಗ ಇಬ್ಬರೂ ನಮ್ಮ ಕಟ್ಟೆಯ ಮೇಲೆ ಕುಳಿತರು.

"ಮನಿಯಾಗ ಹಾಲಿದ್ದೂ ಹಿಂಗ್ಯಾಕವಾ?" ಎಂದೆ.

"ಮುಂಜಾನಿದು ನಿಮ್ಮ ಓಣಿಗೆ, ಸಂಜಿದು ಕುಂದಾ ಮಾಡೂ ಅಂಗಡಿಗೆ. ನಾವ ಕುಡದ್ರ ಒಲಿ ಹ್ಯಾಂಗ ಹತ್ತಬೇಕ್ರಿ?"

ಮುಂಜಾನೆ ಅವಳೇ ಹಾಕಿದ ಹಾಲನ್ನು ಕಾಸಿ, ಸಕ್ಕರೆ ಬೆರೆಸಿ ಬಟ್ಟಲಲ್ಲಿ ತಂದುಕೊಟ್ಟೆ. ಹುಡುಗಿ ಒಂದು ಗುಟುಕು ಕುಡಿದು ಮುಖ ಕಿವುಚಿದಳು. "ಹೊಲಸ ವಾಸನಿ ಅವ್ವಾ. ನನಗ ಕರೇ ಚಹಾನ ಬೇಕು."

"ನೋಡ್ರೀ, ಹಾಲಿನಾಕಿ ಮಗಳಿಗೆ ಹಾಲಂದ್ರ ಹೊಲಸಂತ!" ಎಂದು ಅವಳು ಜೋರಾಗಿ ನಕ್ಕಳು. ಆಮೇಲೆ ಬಟ್ಟಲನ್ನು ಮಗಳ ತುಟಿಗೆ ಹಿಡಿದು, "ಕುಡಿ ನನ್ನವ್ವಾ, ಕಣ್ಣ ಹೋಗ್ತಾವ, ಕುಡಿ" ಎಂದು ಬೇಡತೊಡಗಿದಳು. ಹುಡುಗಿ ಬಾಯಿ ಬಿಗಿಹಿಡಿದೇ ಕುಳಿತಿದ್ದಳು. ಹಾಲು ಗದ್ದದಿಂದ ಇಳಿದು ಅಂಗಿ ತೋಯಿಸಿತು.