ಹುತ್ತದ ಮಣ್ಣಿನ ಬಾಲಯೇಸು

ಡಿಸೆಂಬರ್ ಬಂತೆಂದರೆ ನಾವೆಲ್ಲ ಬಾಯಮ್ಮ ಎನ್ನುತ್ತಿದ್ದ ಸೆವ್ರಿನಾ ಬಾಯಿಯ ಉಗುರುಗಳಿಗೆ ಕೆಂಪು ಹತ್ತುತ್ತಿತ್ತು. ಹುತ್ತದ ಮಣ್ಣಿನ ಕೆಂಪು. ಹೊಸನಗರದ ನಮ್ಮ ಚರ್ಚಿನಲ್ಲಿ ಕ್ರಿಸ್ಮಸ್ಸಿಗೆ ಕಟ್ಟುವ ಯೇಸು ಹುಟ್ಟಿದ ಕೊಟ್ಟಿಗೆಗೆ, ಅಂದರೆ ಗೋದಲಿಗೆ, ಮರಿಯಮ್ಮ, ಜೋಸೆಫರು, ಕುರುಬರು, ದನಕರು ಎಲ್ಲವನ್ನೂ ಅವರು ಆ ಮಣ್ಣಿನಲ್ಲೇ ಮಾಡುತ್ತಿದ್ದರು. ಸುಡುತ್ತಿರಲಿಲ್ಲ, ಬಣ್ಣ ಬಳಿಯುತ್ತಿರಲಿಲ್ಲ. ಜನವರಿಯಲ್ಲಿ ಮೂವರು ಅರಸರ ಹಬ್ಬ ಮುಗಿದ ಮೇಲೆ ಎಲ್ಲವನ್ನೂ ನೀರಿನಲ್ಲಿ ಕರಗಿಸಿ ಚರ್ಚಿನ ಹಿಂದಿನ ಬಾಳೆಯ ಬುಡಕ್ಕೆ ಹೊಯ್ಯುತ್ತಿದ್ದರು.

ನಾನು ಸೈಕಲ್ಲಿನಲ್ಲಿ ಬಲ್ಬು ಮಾರಿ ಅಂಗಡಿ ಕಟ್ಟಿದವನು. ಏನಾದರೂ ದಂಡವಾಗುವುದು ಕಂಡರೆ ಬಾಯಿ ಸುಮ್ಮನಿರುವುದಿಲ್ಲ. ಒಮ್ಮೆ ಸುಟ್ಟು ಬಣ್ಣ ಹಚ್ಚಿಬಿಡಿ, ಇಪ್ಪತ್ತು ವರ್ಷ ಬರುತ್ತದೆ, ಸಾಗರದ ಕುಂಬಾರರೊಬ್ಬರು ನನಗೆ ಗೊತ್ತು, ದರ ನಾನು ಮಾತಾಡುತ್ತೇನೆ ಎಂದೆ. ಬಾಯಮ್ಮ ತಲೆ ಎತ್ತಲಿಲ್ಲ.

"ವರ್ಷಾ ವರ್ಷಾ ಹುಟ್ಟೋನಿಗೆ ಹಳೇ ಮೈ ಯಾಕೆ ಸಾವ್ಕಾರ್ರೆ?"

ಅವರದು ಇನ್ನೊಂದು ಕಟ್ಟಳೆ ಇತ್ತು. ಹಬ್ಬಕ್ಕೆ ಮುಂಚೆ ಊರಿನಲ್ಲಿ ಕಡೆಯದಾಗಿ ಹುಟ್ಟಿದ ಮಗುವನ್ನು ನೋಡಿ ಬಂದು, ಬಾಲಯೇಸುವಿಗೆ ಅದರ ಮುಖ ಕೊಡುತ್ತಿದ್ದರು. ಜಾತಿ ಕೇಳುತ್ತಿರಲಿಲ್ಲ, ಗಂಡೋ ಹೆಣ್ಣೋ ಎಂದೂ ಕೇಳುತ್ತಿರಲಿಲ್ಲ. ನಮ್ಮ ಬೀದಿಯ ಜೈನರ ಮನೆಯ ಕೂಸು ಒಂದು ಸಲ ಗೋದಲಿಯಲ್ಲಿ ಮಲಗಿತ್ತು; ಅವರ ಮನೆಮಂದಿಯೆಲ್ಲ ಬಂದು ನೋಡಿಕೊಂಡು ಹೋಗಿದ್ದರು.

ಒಂದು ವರ್ಷ ಆ ಸರದಿ ನನ್ನ ಮಗಳು ಲವೀನಾಳ ಕೂಸಿಗೆ ಬಂತು. ಮಗುವಿಗೆ ಸೀಳುತುಟಿ. ಕೆಲವು ತಿಂಗಳು ಕಳೆಯಲಿ, ಹೊಲಿಯಬಹುದು ಎಂದು ಶಿವಮೊಗ್ಗದ ಡಾಕ್ಟರು ಹೇಳಿದ್ದರು. ಊರಿನ ಬಾಯಿ ಹೊಲಿಯುವವರು ಯಾರು? ಬಸುರಿ ಗ್ರಹಣದ ದಿನ ಹೊರಗೆ ಬಂದಿದ್ದಳಂತೆ ಎಂದು ಪಕ್ಕದ ಮನೆಯ ಅಜ್ಜಿಯೇ ಸುದ್ದಿ ಹಬ್ಬಿಸಿದರು. ಲವೀನಾ ಮಗುವಿನ ಮುಖದ ಮೇಲಿನ ಬಟ್ಟೆ ಸರಿಸುವುದನ್ನೇ ಬಿಟ್ಟಳು.

ಬಾಯಮ್ಮ ಬಂದಾಗ ನಾನು ಜಗುಲಿಯಲ್ಲೇ ತಡೆದೆ. ಈ ಸಲ ತುಟಿ ನೆಟ್ಟಗಿರಲಿ, ಗೋದಲಿಯ ದೀಪದ ಸರವೆಲ್ಲ ನನ್ನ ಲೆಕ್ಕ ಎಂದೆ.

"ಮುಖಕ್ಕೂ ಚೌಕಾಸಿನಾ ಸಾವ್ಕಾರ್ರೆ?" ಎಂದವರೇ ಒಳಗೆ ಹೋದರು. ನಿಮಗೂ ಹೇಳುತ್ತೇನೆ, ಎದುರಿನವರಿಗೆ ನಿಮ್ಮಿಂದ ಏನೂ ಬೇಡವಾದರೆ ವ್ಯಾಪಾರಕ್ಕೆ ಇಳಿಯಬೇಡಿ.

ಲವೀನಾ ಗೋಡೆಗೆ ತಿರುಗಿ ಕೂತಳು. ಬಾಯಮ್ಮ ಪಕ್ಕದಲ್ಲಿ ಕೂತು, "ನಂಗೆ ಕಣ್ಣು ಮಬ್ಬು ಮಗಾ, ಕೈಯಲ್ಲಿ ನೋಡ್ತೀನಿ," ಎಂದರು. ಬಹಳ ಹೊತ್ತಿನ ಮೇಲೆ ಬಟ್ಟೆ ಸರಿಯಿತು. ಅವರ ಹೆಬ್ಬೆರಳು ಮಗುವಿನ ಹಣೆಯಿಂದ ಮೂಗಿಗೆ ಇಳಿದು, ತುಟಿಯ ಸೀಳಿನಲ್ಲಿ ತುಸು ನಿಂತು, ಗಲ್ಲಕ್ಕೆ ಹೋಯಿತು. ಅಷ್ಟೆ.

ಕ್ರಿಸ್ಮಸ್ ಬೆಳಿಗ್ಗೆ ಗೋದಲಿಯಲ್ಲಿದ್ದ ಬಾಲಯೇಸುವಿಗೂ ಸೀಳುತುಟಿ. ದೇವರಿಗೆ ಊನ ಇಡುವುದೇ ಎಂದು ಹಿರಿಯರು ಗೊಣಗಿದರು. ಫಾದರ್ ಒಂದು ಗಳಿಗೆ ನೋಡಿದರು. ಬಗ್ಗಿ ಅದರ ಪಾದಕ್ಕೆ ಮುತ್ತಿಟ್ಟರು. ಜನ ಸಾಲುಗಟ್ಟಿದರು. ಬರುವುದೇ ಇಲ್ಲ ಎಂದಿದ್ದ ಲವೀನಾ ನನ್ನ ಒತ್ತಾಯಕ್ಕೆ ಬಂದು ಕಡೆಯ ಬೆಂಚಿನಲ್ಲಿ ಕೂತಿದ್ದವಳು, ಸಾಲಿಗೆ ಸೇರಿದಳು. ಗೋದಲಿಯ ಮುಂದೆ ನಿಂತು ನೋಡಿದಳು. ಆಮೇಲೆ ತನ್ನ ಮಗುವಿನ ಮುಖದ ಮೇಲಿನ ಬಟ್ಟೆ ತೆಗೆದು ಹೆಗಲಿಗೆ ಹಾಕಿಕೊಂಡಳು. ಅವಳ ಹಿಂದೆಯೇ ಇದ್ದ ಪಕ್ಕದ ಮನೆಯ ಅಜ್ಜಿ ಮೊದಲು ಮಣ್ಣಿನ ಪಾದಕ್ಕೆ, ಆಮೇಲೆ ಮಗುವಿನ ಪಾದಕ್ಕೆ ಮುತ್ತಿಟ್ಟರು.

ಆ ಮೂರ್ತಿಯನ್ನು ಮನೆಗೆ ಕೊಡಿ ಎಂದು ಕೇಳಿದೆ. "ಇಟ್ಕೊಂಡು ಏನ್ ಮಾಡ್ತೀರಿ? ಮಗೂದು ತುಟಿ ಹೊಲಿಸಿ," ಎಂದು ಬಾಯಮ್ಮ ಅದನ್ನೂ ನೀರಿಗೆ ಹಾಕಿದರು. ಮೊಮ್ಮಗಳ ತುಟಿಯ ಮೇಲೆ ಈಗ ಸಣ್ಣದೊಂದು ಗೆರೆ, ಅಷ್ಟೇ ಉಳಿದಿದೆ.

ಹೋದ ವರ್ಷ ಹಬ್ಬದ ಹೊತ್ತಿಗೆ ಬಾಯಮ್ಮ ಹಾಸಿಗೆ ಹಿಡಿದಿದ್ದರು. ಉಗುರುಗಳು ಬೆಳ್ಳಗಿದ್ದವು. ಈ ಸಲ ಯಾರ ಮನೆಯಲ್ಲಿ ಹುಟ್ಟಿದೆ ಎಂದು ಕೇಳಿದರು. ತೀರ್ಥಹಳ್ಳಿ ರಸ್ತೆಯ ಟೈಲರ್ ಮನೆಯಲ್ಲಿ ಎಂದೆ.

"ನೋಡ್ಕೊಂಡ್ ಬನ್ನಿ."

ಹೋಗಿ ನೋಡಿ ಬಂದು ಹೇಳಿದೆ: ಅಗಲ ಹಣೆ, ಚಪ್ಪಟೆ ಮೂಗು, ಒಂದು ಕಿವಿ ತುಸು ಮಡಚಿದೆ. ಅವರು ಕಣ್ಣು ಮುಚ್ಚಿದ್ದರು. ಕಂಬಳಿಯ ಮೇಲೆ ಹೆಬ್ಬೆರಳು ಮೆಲ್ಲಗೆ ಆಡುತ್ತಿತ್ತು. ಕಿವಿಯ ಹತ್ತಿರ ನಿಂತಿತು.

"ಯಾವ ಕಿವಿ?"

"ಎಡದ್ದು."

ಬೆರಳು ಎಡಕ್ಕೆ ಸರಿದು, ಒಂದು ಸಣ್ಣ ಮಡಿಕೆ ಮಾಡಿತು.

ಹಬ್ಬಕ್ಕೆ ಮೊದಲೇ ಅವರು ಹೋದರು. ಫೈಬರ್ ಮೂರ್ತಿ ತರಿಸಲು ಚರ್ಚಿನವರು ನನಗೇ ಹೇಳಿದ್ದರು. ನಾನು ಎಲ್ಲಿಯೂ ದರ ಕೇಳಲಿಲ್ಲ. ಕ್ರಿಸ್ಮಸ್ ಬೆಳಿಗ್ಗೆ ಗೋದಲಿಯಲ್ಲಿ ಬರೀ ಬೈಹುಲ್ಲು ಇತ್ತು. ಜನ ಸಾಲಾಗಿ ಬಂದು ಅದಕ್ಕೇ ಬಗ್ಗಿದರು. ನನ್ನ ಸರದಿ ಬಂದಾಗ ನಾನೂ ಬಗ್ಗಿದೆ. ಅಲ್ಲಿ ಮಲಗಿರುವ ಕೂಸಿನ ಎಡಗಿವಿ ಮಡಚಿದೆಯೆಂದು ನನಗೊಬ್ಬನಿಗೇ ಗೊತ್ತಿತ್ತು.